ಹಿಂದಿನ ಸೀಟಿನ ಚುಕ್ಕಾಣಿ

ಅವಳಿಗೂ ಒಂದು ಹೆಸರಿತ್ತು. ಆದರೆ ಸಂಬಳದ ಚೀಟಿಯಲ್ಲಿ ಬಿಟ್ಟರೆ ಅದು ಬೇರೆಲ್ಲೂ ಕೆಲಸಕ್ಕೆ ಬರುತ್ತಿರಲಿಲ್ಲ. ಹನ್ನೆರಡಕ್ಕೇ ಅಣ್ಣನ ಭುಜ ದಾಟಿ, ಹದಿನಾಲ್ಕಕ್ಕೆ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡವಳನ್ನು ಮನೆಯವರು ಏಣಿ ಎಂದು ಕರೆದರು, ಬೀದಿಯವರೂ ಅದನ್ನೇ ಹಿಡಿದುಕೊಂಡರು. ಅಟ್ಟದ ಡಬ್ಬ ಇಳಿಸಬೇಕಾದಾಗ ಎಲ್ಲರಿಗೂ ಬೇಕಾದವಳು, ಫೋಟೊ ತೆಗೆಯುವಾಗ ಹಿಂದಿನ ಸಾಲಿಗೆ ತಳ್ಳಿಸಿಕೊಳ್ಳುವವಳು. ಬೆನ್ನು ಬಗ್ಗಿಸಿಕೊಂಡು ನಡೆಯುವುದನ್ನು ಅವಳು ಕಲಿತದ್ದು ಆ ವಯಸ್ಸಿನಲ್ಲೇ.

ಅದನ್ನು ಬಿಡಿಸಿದವರು ಅತ್ತಿಗೆ. ಅತ್ತಿಗೆ ಆಳು ಕುಳ್ಳು, ಬಾಯಿ ಜೋರು, ಕೋಪ ಮೂಗಿನ ತುದಿಯಲ್ಲೇ. ಕೆಲಸ ಸಿಟಿ ಬಸ್ಸಿನ ಡ್ರೈವರು. ಅಣ್ಣನನ್ನು ಮದುವೆಯಾಗಿ ಬಂದ ಮೂರನೇ ತಿಂಗಳಿಗೆ, ಒಂದು ಭಾನುವಾರ, ನಾದಿನಿಯ ಕೈ ಹಿಡಿದು ಕೆರೆ ದಂಡೆಯ ದೋಣಿ ಕ್ಲಬ್ಬಿಗೆ ದರದರನೆ ಎಳೆದುಕೊಂಡು ಹೋದರು.

"ನೀರಿನ ಮೇಲೆ ಎಲ್ಲರೂ ಕೂತೇ ಇರ್ತಾರೆ ಕಣೇ. ಎದ್ದು ನಿಂತವರು ಮುಳುಗ್ತಾರೆ. ನಿನ್ನ ಎತ್ತರ ಅಳೆಯೋಕೆ ಅಲ್ಲಿ ಯಾರಿಗೂ ಪುರುಸೊತ್ತಿಲ್ಲ, ಬಾ" ಅಂದರು.

ಅವತ್ತು ಇಬ್ಬರು ಕೂರುವ ಕಯಾಕಿನಲ್ಲಿ ಅತ್ತಿಗೆ ಮುಂದೆ, ಏಣಿ ಹಿಂದೆ ಕೂತರು. ಇಪ್ಪತ್ತೈದು ವರ್ಷ ಆ ಸೀಟು ಬದಲಾಗಲಿಲ್ಲ. ನೋಡದವರಿಗೆ ಹೇಳಬೇಕೆಂದರೆ, ಅದು ಬೆರಳುದ್ದ ಅಗಲ ಹೆಚ್ಚಾದರೂ ವೇಗ ಹೋಯಿತು ಎಂದು ಗೊಣಗುವ ಪಂದ್ಯದವರ ದೋಣಿ. ಸಪೂರ, ಉದ್ದ, ಕೆಮ್ಮಿದರೂ ಓಲಾಡುತ್ತದೆ. ಇಬ್ಬರ ಕೈಯಲ್ಲೂ ಎರಡು ತುದಿಗೂ ಅಲಗಿರುವ ಹುಟ್ಟು. ತಾಳ ಹಾಕುವವರು ಮುಂದಿನವರು, ಅದಕ್ಕೆ ತಪ್ಪದೆ ಕೈ ಸೇರಿಸಬೇಕಾದವರು ಹಿಂದಿನವರು. ದಿಕ್ಕು ತಿರುಗಿಸುವುದೂ ಮುಂದಿನವರೇ: ಅವರ ಪಾದಗಳ ನಡುವೆ ಒಂದು ಕಡ್ಡಿ ಇರುತ್ತದೆ, ಅದರಿಂದ ಎರಡು ತಂತಿಗಳು ದೋಣಿಯ ಒಳಗೋಡೆಗುಂಟ ಹೋಗಿ ಬಾಲದ ಚುಕ್ಕಾಣಿಗೆ ಸೇರುತ್ತವೆ. ಕಾಲು ಒತ್ತಿದ ಕಡೆಗೆ ದೋಣಿ ಹೋಗುತ್ತದೆ. ಹಿಂದಿನವರ ಕಾಲಿಗೆ ಒದ್ದುಕೊಳ್ಳಲು ಒಂದು ಹಲಗೆ, ಅಷ್ಟೆ.

ಏಣಿ ಆ ಕ್ಲಬ್ಬಿನಲ್ಲೇ ದೋಣಿ ರಿಪೇರಿ ಕೆಲಸಕ್ಕೆ ಸೇರಿಕೊಂಡಳು. ಮದುವೆ ಬೇಡವೆಂದಳು, ಮನೆಯಲ್ಲಿ ಯಾರೂ ಒತ್ತಾಯ ಮಾಡಲಿಲ್ಲ. ಭಾನುವಾರ ಬಂದರೆ ಅತ್ತಿಗೆ-ನಾದಿನಿ ನೀರಿನಲ್ಲಿ. ಅತ್ತಿಗೆಗೆ ಒಂದೇ ಆಸೆ ಇತ್ತು, ನಲವತ್ತು ದಾಟಿದ ಹೆಂಗಸರ ಜೋಡಿ ಪಂದ್ಯಕ್ಕೆ ಇಳಿಯಬೇಕು. ತಾವು ನಲವತ್ತು ದಾಟಿ ಕೂತರು, ಆದರೆ ನಾದಿನಿಗಿನ್ನೂ ಮೂವತ್ತು. ನಿಯಮದ ಪ್ರಕಾರ ಇಬ್ಬರಿಗೂ ನಲವತ್ತು ಆಗಿರಬೇಕು. "ಬೇರೆ ಜೋಡಿ ನೋಡ್ಕೊಳ್ಳಿ" ಎಂದು ಕ್ಲಬ್ಬಿನವರು ಎಷ್ಟು ಹೇಳಿದರೂ ಅತ್ತಿಗೆ ಜಗ್ಗಲಿಲ್ಲ. ಪ್ರತಿ ಹುಟ್ಟುಹಬ್ಬಕ್ಕೂ "ಬೇಗ ಮುದುಕಿ ಆಗೇ ತಾಯಿ" ಎಂದು ಹರಸುತ್ತಾ ಹತ್ತು ವರ್ಷ ಕಾದರು. ಕೊನೆಗೂ ಏಣಿಗೆ ನಲವತ್ತು ತುಂಬಿತು. ಆ ವರ್ಷವೇ ಅತ್ತಿಗೆಯ ಕಣ್ಣು ಕೈಕೊಟ್ಟಿತು.

ಮೊದಲು ಗೊತ್ತಾದದ್ದು ದೋಣಿಗೆ. ನೆಟ್ಟಗೆ ಹೋಗುತ್ತಿದ್ದದ್ದು ಎಡಕ್ಕೆ ಎಳೆಯತೊಡಗಿತು. ಲೇನು ತೋರಿಸುವ ಕಿತ್ತಳೆ ಬಣ್ಣದ ತೇಲುಚೆಂಡುಗಳಿಗೆ ಎರಡು ಸಲ ಢಿಕ್ಕಿ, ಕಟ್ಟೆಯ ಅಂಚಿಗೆ ಒಂದು ಸಲ. "ಗಾಳಿ ಕಣೇ, ದರಿದ್ರದ ಗಾಳಿ" ಅಂದರು ಅತ್ತಿಗೆ. ದಂಡೆಯ ಎಲೆಯೊಂದೂ ಅಲ್ಲಾಡುತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಏಣಿ ಮನಸ್ಸಿನಲ್ಲೇ ನಕ್ಕಳು. ನಕ್ಕದ್ದಕ್ಕೆ ಆಮೇಲೆ ತುಂಬಾ ನೊಂದುಕೊಂಡಳು.

ಏಕೆಂದರೆ ಆ ವಾರವೇ ಅಣ್ಣ ರಿಪೇರಿ ಶೆಡ್ಡಿಗೆ ಬಂದ. ದೋಣಿಗೆ ಬಳಿಯುವ ರೆಸಿನ್ ಅಂಟಿನ ವಾಸನೆಗೆ ಮೂಗು ಮುಚ್ಚಿಕೊಂಡು ಎರಡು ದೋಣಿಗಳ ನಡುವೆ ನಿಂತ.

"ನಿನ್ನ ಅತ್ತಿಗೆಗೆ ಪಕ್ಕದ್ದು ಕಾಣ್ತಾ ಇಲ್ಲ" ಅಂದ. "ಎದುರಿಗಿರೋದು ಮಾತ್ರ, ಕೊಳವೆ ಒಳಗಿಂದ ನೋಡಿದ ಹಾಗೆ. ಹೋದದ್ದು ಬರಲ್ಲವಂತೆ. ಉಳಿದದ್ದೂ ಎಷ್ಟು ದಿನ ಅಂತ ಡಾಕ್ಟರು ಹೇಳಲ್ಲ."

"ಹಾಗಾದ್ರೆ ಬಸ್ಸು ಬಿಟ್ಟದ್ದು?"

"ಬಿಟ್ಟದ್ದಲ್ಲ, ಅವರೇ ಇಳಿಸಿದ್ದು. ಒಂದು ತಿಂಗಳಾಯ್ತು. ಡಿಪೊ ಕಿಟಕಿಯಲ್ಲಿ ಕೂತು ಡ್ಯೂಟಿ ಚೀಟಿ ಕೊಡ್ತಾಳೆ. 'ಓಡಿಸಿ ಓಡಿಸಿ ಸಾಕಾಯ್ತು' ಅಂತ ನಮ್ಮ ಹತ್ತಿರ ಬುರುಡೆ ಬಿಟ್ಟಿದ್ದಾಳಲ್ಲ, ಅದೆಲ್ಲ ಸುಳ್ಳು." ಅಣ್ಣ ಕಣ್ಣೊರೆಸಿಕೊಂಡ, ರೆಸಿನ್ನಿನ ಮೇಲೆ ತಪ್ಪು ಹೊರಿಸಿದ. "ಹಿಂದಿನ ಸೀಟಿಗೆ ಹೋಗು ಅಂದೆ. 'ಬಸ್ಸೂ ಕಿತ್ಕೊಂಡ್ರು, ಇದೂ ಬೇಡವಾ? ನನ್ನ ಕಾಲ ಕೆಳಗೆ ಚುಕ್ಕಾಣಿ ಇಲ್ಲ ಅಂದ ದಿನ ನಾನು ನೀರಿಗಿಳಿಯಲ್ಲ, ಸಾಮಾನಿನ ಮೂಟೆ ಥರ ಕೂರಲ್ಲ' ಅಂದಳು. ನೀನೇ ಏನಾದ್ರೂ ಮಾಡು."

ಪಂದ್ಯಕ್ಕೆ ಮೂರು ವಾರ ಇತ್ತು. ನೇರವಾಗಿ ಹೇಳಿದರೆ ಅತ್ತಿಗೆ ದೋಣಿ ಬಿಟ್ಟುಬಿಡುತ್ತಾರೆ. ಹೇಳದಿದ್ದರೆ ಪಂದ್ಯದ ದಿನ ಪಕ್ಕದ ದೋಣಿಗೆ ಗುದ್ದಿ, ನೂರು ಜನರ ಮುಂದೆ ಮರ್ಯಾದೆ ಹೋಗಿ, ಆಗಲೂ ಬಿಟ್ಟುಬಿಡುತ್ತಾರೆ. ಅತ್ತಿಗೆ ಇಲ್ಲದ ಭಾನುವಾರ ಹೇಗಿರುತ್ತದೆ ಎಂದು ಯೋಚಿಸಲು ಹೋಗಿ ಅವಳಿಗೆ ಭಯವಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥದ್ದೊಂದು ಉಪಾಯ ಬೇಕಿತ್ತು.

ರಜೆಯ ದಿನ ಶೆಡ್ಡಿನ ಬಾಗಿಲು ಒಳಗಿಂದ ಹಾಕಿಕೊಂಡು ಅವಳು ಕೆಲಸಕ್ಕೆ ಕೂತಳು. ಅತ್ತಿಗೆಯ ಕಾಲಿನ ಕಡ್ಡಿಯಿಂದ ತಂತಿಗಳನ್ನು ಬಿಚ್ಚಿದಳು. ತನ್ನ ಹಲಗೆಯ ಮೇಲೆ ಹೊಸ ಕಡ್ಡಿ ಕೂರಿಸಿ ತಂತಿಗಳನ್ನು ಅದಕ್ಕೆ ಬಿಗಿದಳು. ಅತ್ತಿಗೆಯ ಕಡ್ಡಿ ಸಡಿಲವಾಗಿ ಅಲ್ಲಾಡಿದರೆ ಗೊತ್ತಾಗುತ್ತದಲ್ಲ, ಅದಕ್ಕೆ ಸೈಕಲ್ ಟ್ಯೂಬು ಸೀಳಿ ಎರಡೂ ಕಡೆ ಎಳೆದು ಕಟ್ಟಿದಳು. ಒತ್ತಿದರೆ ಒತ್ತುತ್ತದೆ, ಬಿಟ್ಟರೆ ವಾಪಸ್ಸು ಬರುತ್ತದೆ, ಆದರೆ ಚುಕ್ಕಾಣಿಗೆ ಏನೂ ಮುಟ್ಟುವುದಿಲ್ಲ. ಅವಳು ಅತ್ತಿಗೆಗಿಂತ ಒಂದು ತಲೆ ಎತ್ತರ. ಅವರ ನೆತ್ತಿಯ ಮೇಲಿಂದ ಒಂದಿಷ್ಟು ಮುಂದೂ ಕಾಣುತ್ತದೆ, ಎರಡೂ ಪಕ್ಕ ಪೂರ್ತಿ ಕಾಣುತ್ತದೆ. ಅಷ್ಟೆತ್ತರ ಬೆಳೆದದ್ದಕ್ಕೆ ಆವತ್ತು ಮೊದಲ ಸಲ ಅವಳಿಗೆ ಸಂತೋಷವಾಯಿತು.

ಆದರೆ ದೋಣಿಯನ್ನು ಕವುಚಿ ಹಾಕಿಕೊಂಡು ಕೆಲಸ ಮಾಡುವವರಿಗೆ ಮಾತ್ರ ಆಗುವ ತಪ್ಪೊಂದಿದೆ. ಕವುಚಿದ ದೋಣಿಯ ಎಡ, ನೀರಿಗಿಳಿದಾಗ ಬಲ. ಇಪ್ಪತ್ತು ವರ್ಷ ರಿಪೇರಿ ಮಾಡಿದವಳು, ಗಡಿಬಿಡಿಯಲ್ಲಿ, ತಂತಿಗಳನ್ನು ಅದಲುಬದಲು ಸಿಕ್ಕಿಸಿದ್ದಳು. ಭಾನುವಾರ ಕಟ್ಟೆ ಬಿಟ್ಟು ಹತ್ತು ಹುಟ್ಟು ಹಾಕುವಷ್ಟರಲ್ಲಿ ದೋಣಿ ಎಡಗಡೆಯ ಜೊಂಡಿನ ಕಡೆ ಹೊರಟಿತು. ಏಣಿ ಬಲಕ್ಕೆ ಒತ್ತಿದಳು. ಅದು ಇನ್ನೂ ಎಡಕ್ಕೆ ಹೋಯಿತು. ಇನ್ನೂ ಬಲವಾಗಿ ಒತ್ತಿದಳು. ದೋಣಿ ಇನ್ನೂ ಖುಷಿಯಿಂದ ಎಡಕ್ಕೇ ನುಗ್ಗಿ, ಜೊಂಡಿನೊಳಗೆ ಮೂಗು ತೂರಿಸಿ ನಿಂತಿತು. ಎರಡು ನೀರುಕೋಳಿ ಬೈದುಕೊಂಡು ಹಾರಿಹೋದವು.

ಅತ್ತಿಗೆ ತಲೆಯ ಮೇಲಿಂದ ಜೊಂಡಿನ ಎಲೆ ತೆಗೆದು ಹಾಕಿದರು.

"ಗಾಳಿ" ಅಂದರು.

"ಹೂಂ ಅತ್ತಿಗೆ, ಇವತ್ತು ಜೋರಾಗೇ ಇದೆ" ಅಂದಳು ಏಣಿ.

ತಂತಿ ಸರಿಮಾಡಿದ ಮೇಲೆ ದೋಣಿ ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ ಹೋಯಿತು. ದಂಡೆಯಲ್ಲಿ ನಿಂತ ಸೀಟಿ ಮೇಷ್ಟ್ರು, ಅಂದರೆ ಪಂದ್ಯಗಳಿಗೆ ಸೀಟಿ ಊದುವ ಮುದುಕ, "ಏನಮ್ಮ ಡ್ರೈವರಮ್ಮ, ವಯಸ್ಸು ಹಿಂದಕ್ಕೆ ಓಡ್ತಿದೆಯಲ್ಲ!" ಎಂದು ಕೂಗಿದ. ಅತ್ತಿಗೆ ಹುಟ್ಟು ಎತ್ತಿ ತೋರಿಸಿದರು. ಹಿಂದೆ ಕೂತಿದ್ದ ಏಣಿಗೆ ಮಾತ್ರ ಮುಖ ಎತ್ತಲಾಗಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಹಾಗಾಗಿತ್ತು. ಮನೆಯಲ್ಲಿ ಅತ್ತಿಗೆ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರೂ ಅವಳಿಗೆ ಅಳು ಬರುತ್ತಿತ್ತು. ಇಷ್ಟು ವರ್ಷದಲ್ಲಿ ಅತ್ತಿಗೆಯಿಂದ ಅವಳು ಬಚ್ಚಿಟ್ಟ ಮೊದಲ ಸಂಗತಿ ಅದು. ಪಂದ್ಯ ಮುಗಿದ ಮೇಲೆ ಹೇಳಿಬಿಡುತ್ತೇನೆ ಎಂದುಕೊಳ್ಳುವಳು. ಹೇಳಿದರೆ ಅದೇ ಕೊನೆಯ ಭಾನುವಾರವಾಗುತ್ತದೆ ಎಂದು ನೆನಪಾಗಿ ಬಾಯಿ ಮುಚ್ಚಿಕೊಳ್ಳುವಳು.

ಪಂದ್ಯದ ದಿನ ಬೆಳಗ್ಗೆ ಆರು ದೋಣಿಗಳು ಸಾಲಾಗಿ ನಿಂತವು. ಸಾವಿರ ಮೀಟರು. ಸೀಟಿ ಮೇಷ್ಟ್ರು ಕೆನ್ನೆ ಉಬ್ಬಿಸಿ ಊದಿದ. ಮೊದಲ ಐವತ್ತು ಹುಟ್ಟು ಅತ್ತಿಗೆ ಹುಚ್ಚು ಹಿಡಿದವರ ಹಾಗೆ ಹಾಕಿದರು. ಏಣಿ ಹಲ್ಲು ಕಚ್ಚಿ ಕೈ ಸೇರಿಸಿದಳು. ಅತ್ತಿಗೆಯ ಹುಟ್ಟು ಎರಚುವ ನೀರು ಮುಖಕ್ಕೆ ರಪರಪ ಹೊಡೆಯಿತು. ಅರ್ಧ ದಾರಿಗೆ ಅವರು ಮೂರನೆಯವರು. ದಂಡೆಯಲ್ಲಿ ಅಣ್ಣ ಹೆಂಡತಿ ಮತ್ತು ತಂಗಿಯ ಹೆಸರು ಒಟ್ಟಿಗೆ ಕೂಗಲು ಹೋಗಿ ಯಾವುದೂ ಅಲ್ಲದ ಒಂದನ್ನು ಕೂಗುತ್ತಾ ಓಡಿಬರುತ್ತಿದ್ದ.

ಏಳುನೂರು ಮೀಟರಿನ ಹತ್ತಿರ ಎಡಗಡೆಯ ದೋಣಿ ದಾರಿ ತಪ್ಪಿ ಇವರ ಕಡೆ ಬಾಗತೊಡಗಿತು. ಅತ್ತಿಗೆಗೆ ಕಾಣದ ಪಕ್ಕ ಅದು. ಏಣಿಯ ಕಣ್ಣೆಲ್ಲ ಆ ದೋಣಿಯ ಮೇಲೇ ನೆಟ್ಟಿತು. ಬಲಕ್ಕೆ ಒತ್ತಿದಳು, ಇನ್ನೊಂದು ಚೂರು ಒತ್ತಿದಳು. ಎರಡು ದೋಣಿಗಳ ನಡುವೆ ಒಂದು ಮೊಳ ನೀರು ಉಳಿಯಿತು. ಬಲಗಡೆಯ ಸಾಲಿನಿಂದ ಕಳಚಿಕೊಂಡ ಒಂದು ತೇಲುಚೆಂಡು ನೇರ ಎದುರಿಗೆ ಬಂದು ಕುಣಿಯುತ್ತಿದ್ದುದು ಅವಳಿಗೆ ಕಾಣಲೇ ಇಲ್ಲ.

"ಎಡಕ್ಕೆ ಒತ್ತು!" ಮುಂದುಗಡೆಯಿಂದ ಕೂಗು ಬಂತು. "ಏಣಿ, ಎಡಕ್ಕೆ ಒತ್ತೇ! ಈಗಲೇ!"

ತಲೆಗೆ ತಿಳಿಯುವ ಮೊದಲೇ ಅವಳ ಕಾಲಿಗೆ ತಿಳಿಯಿತು. ಎಡಕ್ಕೆ ಒತ್ತಿದಳು. ಚೆಂಡು ದೋಣಿಯ ಬಲಮಗ್ಗುಲನ್ನು ಸವರಿಕೊಂಡು ಹಿಂದಕ್ಕೆ ಹೋಯಿತು. ದಾರಿ ತಪ್ಪಿದ್ದ ಎಡಗಡೆಯ ದೋಣಿ ಅಷ್ಟರಲ್ಲಿ ಇವರನ್ನು ದಾಟಿ ಮುಂದೆ ಹೋಗಿತ್ತು.

"ಸಾಕು, ನೆಟ್ಟಗೆ ಹಿಡಿ! ಮುಂದೆ ನಾನು ನೋಡ್ತೀನಿ, ನೀನು ಪಕ್ಕ ನೋಡ್ಕೋ. ಹಾಕು ಹುಟ್ಟು!"

ಏಣಿಗೆ ಇನ್ನೂ ಹತ್ತು ಹುಟ್ಟು ಹಾಕಿದ ಮೇಲೆ ಅರ್ಥವಾಯಿತು. ಅತ್ತಿಗೆ ನಾನು ತಿರುಗಿಸುತ್ತೇನೆ ಅನ್ನಲಿಲ್ಲ, ನೀನು ಒತ್ತು ಎಂದರು. ಅವಳಿಗೆ ಹೇಳಿದರು. ಮುಖದ ಮೇಲೆ ಆಗ ಹರಿದದ್ದೆಲ್ಲ ಕೆರೆಯ ನೀರಲ್ಲ.

ನಾಲ್ಕನೆಯವರಾಗಿ ಮುಗಿಸಿದರು. ಪದಕ ಮೂವರಿಗೆ ಮಾತ್ರ. ದೋಣಿ ತನ್ನಷ್ಟಕ್ಕೆ ತೇಲುತ್ತಾ ನಿಂತಿತು. ಇಬ್ಬರೂ ಹುಟ್ಟುಗಳನ್ನು ಅಡ್ಡ ಇಟ್ಟುಕೊಂಡು ಏದುಸಿರು ಬಿಡುತ್ತಿದ್ದರು. ಅತ್ತಿಗೆ ಹಿಂದಿರುಗಿ ನೋಡಲಿಲ್ಲ, ಆ ದೋಣಿಯಲ್ಲಿ ಹಿಂದಿರುಗಿದರೆ ಮಗುಚುತ್ತದೆ.

"ಅತ್ತಿಗೆ," ಅಂದಳು ಏಣಿ, "ಯಾವಾಗ ಗೊತ್ತಾಯ್ತು?"

"ಜೊಂಡಿಗೆ ನುಗ್ಗಿಸಿದ್ಯಲ್ಲ, ಆವತ್ತೇ. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದ್ದೀನಿ. ನಿಜವಾದ ಚುಕ್ಕಾಣಿ ಆದ್ರೆ ನೀರು ತಿರುಗಿ ಕಾಲಿಗೆ ಒದೆಯುತ್ತೆ. ಅದು ಬರೀ ರಬ್ಬರು ಎಳೆದ ಹಾಗೆ ಎಳೀತಿತ್ತು. ಏನು, ಸೈಕಲ್ ಟ್ಯೂಬಾ?"

"ಹೂಂ. ತಪ್ಪಾಯ್ತು ಅತ್ತಿಗೆ. ನಿಮಗೆ ಹೇಳದೆ ಮಾಡಬಾರದಿತ್ತು. ಹೊಟ್ಟೆಗೆ ಹಾಕ್ಕೊಳ್ಳಿ."

"ಎರಡು ದಿನ ನಿನ್ನ ಕೆನ್ನೆಗೆ ಬಾರಿಸಬೇಕು ಅಂತಿದ್ದೆ. ಕೈ ಎಟುಕಲ್ಲ, ಸ್ಟೂಲು ಬೇಕು ಅಂತ ಸುಮ್ಮನಾದೆ." ಅತ್ತಿಗೆಯ ಭುಜ ಕುಲುಕಿತು, ನಗುವೋ ಅಳುವೋ, ಏಣಿಗೆ ತಿಳಿಯಲಿಲ್ಲ. "ಆಮೇಲೆ ಏನಾಯ್ತು ಗೊತ್ತಾ? ಎರಡು ತಿಂಗಳಿಂದ ನಾನು ಹೆದರ್ಕೊಂಡೇ ಹುಟ್ಟು ಹಾಕ್ತಿದ್ದೆ ಕಣೇ. ಯಾವ ಕಡೆಯಿಂದ ಏನು ಬಂದು ಬಡಿಯುತ್ತೋ ಅಂತ. ಬಸ್ಸಲ್ಲೂ ಹಾಗೇ ಆಗಿತ್ತು, ಯಾರಿಗೂ ಹೇಳ್ಲಿಲ್ಲ. ಚುಕ್ಕಾಣಿ ನಿನ್ನ ಕಾಲಿಗೆ ಹೋಗಿದೆ ಅಂತ ಗೊತ್ತಾದ ಮೇಲೆ ಭಯ ಹೋಯ್ತು. ನಾಚಿಕೆಗೆಟ್ಟವಳ ಹಾಗೆ ಆರಾಮಾಗಿ ಹುಟ್ಟು ಹಾಕ್ದೆ. ನೀನು ಹೇಳಿದ್ರೆ ನಾನು ಬಿಟ್ಟುಬಿಡ್ತಿದ್ದೆ. ಹೇಳ್ಲಿಲ್ಲ, ಒಳ್ಳೇದಾಯ್ತು."

ಕಟ್ಟೆಯಿಂದ ಅಣ್ಣ ಟವೆಲ್ ಬೀಸಿ ಕರೆಯುತ್ತಿದ್ದ. ಇಬ್ಬರೂ ಅವನ ಕಡೆ ಹೋಗಲಿಲ್ಲ. ಏಣಿ ಮೂಗು ಒರೆಸಿಕೊಂಡಳು.

"ಮುಂದಿನ ವರ್ಷ ಚೆನ್ನಾಗಿರೋ ಕಡ್ಡಿ ಹಾಕ್ತೀನಿ ಅತ್ತಿಗೆ. ನೀವು ಹೀಗೇ ಮುಂದೆ ಕೂತು ಹೇಳ್ತಾ ಇರಿ, ನಾನು ಒತ್ತುತೀನಿ."

ಅತ್ತಿಗೆ ಹುಟ್ಟನ್ನು ಮೆಲ್ಲಗೆ ನೀರಿಗಿಟ್ಟು ದೋಣಿಯನ್ನು ಕಟ್ಟೆಯ ಕಡೆಗಲ್ಲ, ಬಳಸಿನ ದಾರಿಗೆ ತಿರುಗಿಸಿದರು.

"ಮುಂದಿನ ವರ್ಷ ಎದುರಿಗಿರೋದೂ ಕಾಣ್ದೇ ಹೋದ್ರೆ?"

ಏಣಿ ತನ್ನ ಹುಟ್ಟನ್ನೂ ನೀರಿಗಿಳಿಸಿ ಅವರ ಕೈಗೆ ಕೈ ಸೇರಿಸಿದಳು.

"ಆ ಹೊಳೆ ಬಂದಾಗ ದಾಟೋಣ ಅಂತ ಕೂರೋಕೆ ಆಗಲ್ಲ ಕಣೇ" ಅಂದರು ಅತ್ತಿಗೆ. ದನಿಯಲ್ಲಿ ಜೋರು ಇರಲಿಲ್ಲ. "ಬರೋ ಭಾನುವಾರ ನೀನು ಮುಂದೆ ಕೂತ್ಕೋ. ನಾನು ಹಿಂದೆ ಕೂರ್ತೀನಿ. ಇನ್ನೊಬ್ಬರ ಕೈಗೆ ಕೈ ಸೇರಿಸೋದು ಹೇಗೆ ಅಂತ ನಂಗೆ ಗೊತ್ತಿಲ್ಲ, ಯಾವತ್ತೂ ಮಾಡಿಲ್ಲ. ಹೇಳಿಕೊಡ್ತೀಯಾ? ಕಣ್ಣಿರುವಾಗಲೇ ಕಲ್ತುಬಿಡ್ತೀನಿ."