ದೋನ್ಯಾ ಓಬ್ದುಲಿಯಾಳ ತುಟಿ ಮತ್ತು ನಮ್ಮ ಹಿತ್ತಲ ನೊಣಗಳು

ಪಕ್ಕದ ಮನೆಯ ದೋನ್ಯಾ ಓಬ್ದುಲಿಯಾ ರಾಜಧಾನಿ ಸಾನ್ ಹೋಸೆಗೆ ಹೋಗಿ ಬಂದ ಮಾರನೆಯ ಬೆಳಿಗ್ಗೆ, ಊದಿದ ತುಟಿಗೆ ಶಾಲು ಮುಚ್ಚಿಕೊಂಡು ನಮ್ಮ ಬೇಲಿಯ ಹತ್ತಿರ ಬಂದಳು.

"ನಿಮ್ ಜೇನುಹುಳ ಕಚ್ಚಿದ್ದು! ಮುಖ ನೋಡಿ ಹೆಂಗಾಗಿದೆ!"

ಎಂಥ ನಾಜೂಕಿನ ಹುಳವೋ, ಮೇಲಿನ ತುಟಿ ಕೆಳಗಿನ ತುಟಿ ಎರಡನ್ನೂ ಅಳತೆ ಹಿಡಿದಂತೆ ಊದಿಸಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಗಂಡ ಎಲಾದಿಯೊ ಕ್ಷಮೆ ಕೇಳಿ ಮುಗಿಸಿದ್ದ. ಕೀಳದೆ ಬಿಟ್ಟ ಅವನ ಕೊತ್ತಂಬರಿ ಹೂ ಬಿಟ್ಟಿತ್ತು, ಅದರ ಮೇಲೆ ಕಂದು ಹಳದಿ ಪಟ್ಟೆಯ ಹುಳಗಳು ಗುಂಯ್‌ಗುಡುತ್ತಿದ್ದವು. ನಾವೂ ಅವನ್ನು ಜೇನೆಂದೇ ತಿಳಿದಿದ್ದೆವು.

ಓಬ್ದುಲಿಯಾ ಅಷ್ಟಕ್ಕೇ ಬಿಡಲಿಲ್ಲ. ಜೇನುಗೂಡು ತೆಗೆಯುವ ಅಗ್ನಿಶಾಮಕದವರನ್ನು ಕರೆಸಿದಳು. ಕರೆಯದೆಯೇ ಬೀದಿಯವರೆಲ್ಲ ಬಂದರು. ನಮ್ಮೂರು ಸಾರ್ಸೆರೊದಲ್ಲಿ ಅಂದು ಬೇರೇನೂ ನಡೆಯುತ್ತಿರಲಿಲ್ಲ.

ಅಗ್ನಿಶಾಮಕದಿಂದ ಬಂದವಳು ಯೋರ್ಲೆನಿ. ಮೈತುಂಬ ಜೇನು ಹಿಡಿಯುವ ಉಡುಪು ತೊಟ್ಟು ಹಿತ್ತಲೆಲ್ಲ ಹುಡುಕಿದಳು. ಗೂಡಿಲ್ಲ. ಕೊತ್ತಂಬರಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ನನ್ನ ಅಡುಗೆಮನೆಯ ಗಾಜಿನ ಲೋಟ ಕವುಚಿ ಒಂದನ್ನು ಹಿಡಿದಳು. ನೋಡಿದವಳೇ ಮುಖದ ಬಲೆ ತೆಗೆದು ನಕ್ಕಳು.

"ಇದು ನೊಣ ಕಣ್ರೀ! ರೆಕ್ಕೆ ಎರಡೇ, ಜೇನಿಗಾದ್ರೆ ನಾಲ್ಕು. ಮುಖ ನೋಡಿ, ಬರೀ ಕಣ್ಣೇ. ಮೀಸೆ ಗಿಡ್ಡ. ಹಿಂಗಾಲಲ್ಲಿ ಪರಾಗದ ಉಂಡೆ ಇಲ್ಲ. ಅಲ್ಲಿ ನೋಡಿ, ಕಟ್ಟಿ ಹಾಕ್ದಂಗೆ ಗಾಳೀಲಿ ಒಂದೇ ಕಡೆ ನಿಂತಿದೆ. ಹಕ್ಕಿ ತಿನ್ನದಿರ್ಲಿ ಅಂತ ವೇಷ, ಅಷ್ಟೇ."

"ಕಚ್ಚುತ್ತಾ?" ಯಾರೋ ಕೇಳಿದರು.

"ಮುಳ್ಳೇ ಇಲ್ವಲ್ಲಾ!"

ಇಡೀ ಬೀದಿ ತಿರುಗಿ ಓಬ್ದುಲಿಯಾಳ ತುಟಿ ನೋಡಿತು. ಶಾಲು ಜಾರಿತ್ತು. ನಗಲು ಬಾರದ ಆ ತುಟಿಯಲ್ಲಿ ಅಳಲೂ ಆಗುತ್ತಿರಲಿಲ್ಲ, ಪಾಪ. ನಾನು ಎಂಥದೋ ಸೊಗಸಾದ ಮಾತೊಂದನ್ನು ನಾಲಿಗೆಯ ತುದಿಗೆ ತಂದುಕೊಂಡಿದ್ದೆ.

"ಒಂದು ನಿಜವಾದ ಜೇನಿತ್ತು," ಎಂದ ಎಲಾದಿಯೊ. "ಬೇಲಿ ಹತ್ರ. ನಾನೇ ನೋಡ್ದೆ."

ಅವನ ಕಾಲು ತುಳಿದೆ. ಬೂಟು ಹಾಕಿದ್ದ ಹಾಳಾದವನು.

ಯೋರ್ಲೆನಿ ಅವನನ್ನೂ ಓಬ್ದುಲಿಯಾಳನ್ನೂ ಒಮ್ಮೆ ನೋಡಿದಳು. "ಹಾಗಾದ್ರೆ ಮುಗೀತು. ಕಚ್ಚಿದ ಜೇನು ಬದುಕಲ್ಲ," ಎಂದು ಲೋಟ ಎತ್ತಿ ನೊಣವನ್ನು ಬಿಟ್ಟಳು.

ಜನ ನಿರಾಶರಾಗಿ ಮನೆಗೆ ಹೋದರು.

"ಯಾಕ್ರೀ ಆ ಸುಳ್ಳು?" ಎಂದು ಬೆಲ್ಲದ ನೀರು ಕುದಿಸುತ್ತ ಕೇಳಿದೆ.

"ದುಡ್ಡು ಕೊಟ್ಟು ಸೂಜಿ ಚುಚ್ಚಿಸ್ಕೊಂಡು, ಅಷ್ಟು ಜನರ ಮುಂದೆ ಆ ತುಟಿ ಹೊತ್ಕೊಂಡು ನಿಂತಿದ್ಲಲ್ಲೇ. ಸಾಲ್ದಾ?"

ಇಂಥ ಮನುಷ್ಯನೊಡನೆ ಜಗಳವಾಡುವುದಾದರೂ ಹೇಗೆ?

ಭಾನುವಾರ ಬೇಲಿಯ ಮೇಲಿನಿಂದ ಬಾಳೆಎಲೆಯಲ್ಲಿ ಸುತ್ತಿದ ಬಿಸಿ ತಮಾಲ್ ಕಡುಬುಗಳ ತಟ್ಟೆ ಬಂತು. ಎಲಾದಿಯೊ ಎರಡು ತಿಂದ. ಉಳಿದದ್ದೆಲ್ಲ ನಾನೇ ತಿಂದೆ. ಬಾಯಿ ಮುಚ್ಚಿಕೊಂಡಿದ್ದವಳು ನಾನಲ್ಲವೇ.