ಅಪ್ಪ ಮಲಗಿದ್ದಾರೆ

ಬೇರೆಯವರ ಮನೆಯಲ್ಲಿ ಬೆಳಗಾದರೆ ಪರದೆ ಸರಿಸುತ್ತಾರೆ, ನಮ್ಮ ಮನೆಯಲ್ಲಿ ಎಳೆದು ಮುಚ್ಚುತ್ತಿದ್ದೆವು. ಅಪ್ಪನಿಗೆ ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಊರೆಲ್ಲ ಹಲ್ಲುಜ್ಜುವ ಹೊತ್ತಿಗೆ ಮನೆಗೆ ಬಂದು, ಅಂಗಿಯ ಮಡಿಕೆಗೆ ಅಂಟಿದ ಹಿಟ್ಟು ಕೊಡವಿ, ಒಳಕೋಣೆಯ ಕಬ್ಬಿಣದ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಆಮೇಲೆ ಸಂಜೆಯವರೆಗೂ ಮನೆಯಲ್ಲಿ ಒಂದೇ ಮಾತು: "ಶ್, ಅಪ್ಪ ಮಲಗಿದ್ದಾರೆ." ಅಮ್ಮ ಇರುವವರೆಗೆ ಅದು ಅಮ್ಮನ ಮಾತು. ಅಮ್ಮ ಹೋದಮೇಲೆ ಹೊಲಿಗೆ ಯಂತ್ರದ ಜೊತೆಗೆ ಅದೂ ನನ್ನ ಪಾಲಿಗೆ ಬಂತು.

ಆ ಮನೆಯಲ್ಲಿ ಬೆಳೆದವರಿಗೆ ಕೆಲವು ವಿದ್ಯೆಗಳು ತಾವಾಗಿಯೇ ಬರುತ್ತವೆ. ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ತೆರೆದರೆ ಕಿರುಗುಟ್ಟುವುದಿಲ್ಲ. ತಟ್ಟೆಯ ಕೆಳಗೆ ಬಟ್ಟೆ ಹಾಸಿದರೆ ಸದ್ದಾಗುವುದಿಲ್ಲ. ನಾನೂ ತಮ್ಮನೂ ಕಣ್ಣಲ್ಲೇ ಜಗಳವಾಡುವುದರಲ್ಲಿ ಎಷ್ಟು ಪಳಗಿದ್ದೆವೆಂದರೆ, ಅವನು ಹುಬ್ಬಿನಲ್ಲೇ ಬೈದರೂ ನನಗೆ ಪೂರ್ತಿ ಅರ್ಥವಾಗುತ್ತಿತ್ತು. ನಗು ತಡೆಯಲಾಗದಿದ್ದರೆ ದಿಂಬಿಗೆ ಮುಖ ಒತ್ತಿ ನಗುತ್ತಿದ್ದೆವು. ಹೊರಗಿನಿಂದ ಬಂದವರು ನಮ್ಮ ಪಿಸುಮಾತು ಕೇಳಿ, ಯಾರಿಗೋ ಹುಷಾರಿಲ್ಲವೆಂದುಕೊಂಡು ತಾವೂ ದನಿ ತಗ್ಗಿಸುತ್ತಿದ್ದರು.

ಅಪ್ಪ ಎಚ್ಚರವಿದ್ದಾಗಲೂ ಮಾತು ಕಡಿಮೆ. ಬೆಂದ ಬ್ರೆಡ್ಡನ್ನು ಮಗುಚಿ ತಳಕ್ಕೆ ಬೆರಳಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು ಬರಬೇಕು, ಬಂದರೆ ಬೆಂದಿದೆ ಎಂದು ಲೆಕ್ಕ. ಆ ಚಾಳಿ ಕೈಗೆ ಹತ್ತಿ ಮನೆಯಲ್ಲೂ ಮೇಜು, ಬಾಗಿಲು, ಗಡಿಯಾರ ಎಲ್ಲವನ್ನೂ ತಟ್ಟುತ್ತಿದ್ದರು. ತಮ್ಮನ ತಲೆಗೂ ಒಮ್ಮೊಮ್ಮೆ ತಟ್ಟಿ, ಕಿವಿಗೊಟ್ಟು, "ಇನ್ನೂ ಬೆಂದಿಲ್ಲ" ಅನ್ನುತ್ತಿದ್ದರು. ಅಪ್ಪನಿಗೆ ಗೊತ್ತಿದ್ದ ತಮಾಷೆ ಅದೊಂದೇ.

ಇಂಥ ಮನೆಯ ಹುಡುಗ ಹೊರಗೆ ಹೋಗಿ ಗಂಟಲು ಹರಿಯುವಂತೆ ಕೂಗಿದರೆ ಅದರಲ್ಲಿ ಆಶ್ಚರ್ಯವೇನು? ಒಬ್ಬ ಗೆಳೆಯನನ್ನು ಕಟ್ಟಿಕೊಂಡು ತಮ್ಮ ರ‍್ಯಾಪ್ ಹೇಳಲು ಶುರುಮಾಡಿದ. ವೇದಿಕೆಯ ಮೇಲೆ ಗೆಳೆಯನ ಹೆಸರು ಗುಡುಗು, ಇವನದು ಸಿಡಿಲು. ಇಬ್ಬರೂ ವೇದಿಕೆ ಹತ್ತಿದರೆ ಕಿಟಕಿಯ ಗಾಜು ಅದುರುತ್ತಿತ್ತು, ಮುಂದಿನ ಸಾಲಿನ ಹುಡುಗರು ಮೈಮೇಲೆ ಬಂದವರಂತೆ ಕುಣಿಯುತ್ತಿದ್ದರು. ಮೊದಲ ಹಾಡು ಬಂದ ದಿನ ತಮ್ಮ ಖುಷಿ ತಡೆಯಲಾರದೆ ಹಾಡುಹಗಲೇ ದೊಡ್ಡ ಸ್ಪೀಕರ್ ಹೊತ್ತು ತಂದು ನಡುಮನೆಯಲ್ಲಿ ಹಚ್ಚಿದ. ಅಪ್ಪ ಎದ್ದು ಬಂದರು. ಪ್ಲಗ್ ಕಿತ್ತರು. ಮತ್ತೆ ಹೋಗಿ ಮಲಗಿದರು. ಅವತ್ತಿನಿಂದ ನಮ್ಮನೆಯಲ್ಲಿ ಅವನ ಹಾಡಿನ ಸುದ್ದಿ ಎತ್ತಿದವರಿಲ್ಲ. ತಮ್ಮ ಅದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದ. ಅವನ ಒಂದು ಪದವೂ ಅಪ್ಪನ ಕಿವಿಗೆ ಬಿದ್ದಿಲ್ಲ, ಬೀಳುವುದೂ ಇಲ್ಲ ಎಂದು ಅವನ ನಂಬಿಕೆ.

ಕೆಲವು ವರ್ಷ ಗುಡುಗಿ ಸಿಡಿದಮೇಲೆ ಒಂದು ಮಧ್ಯಾಹ್ನ ತಮ್ಮ ನನ್ನ ಕೋಣೆಗೆ ಬಂದು ನಿಂತ. ನಾನು ಪರದೆ ಹೊಲಿಯುವವಳು. ಒಳಕೋಣೆಗೆ ತಾಗಿದ ಮುಂದಿನ ಕೋಣೆಯೇ ನನ್ನ ಅಂಗಡಿ. ಚಾವಣಿಯ ಕಂಬಿಗೆ ಮಕಮಲ್ಲು, ಹತ್ತಿ, ತೆಳು ಜಾಲರಿ ಎಲ್ಲ ಸಾಲಾಗಿ ತೂಗುತ್ತಿರುತ್ತವೆ.

"ಅಕ್ಕಾ, ಇದರ ಮಧ್ಯೆ ಕೂತು ಹಾಡು ರೆಕಾರ್ಡ್ ಮಾಡ್ಲಾ? ನಾನೊಬ್ಬನೇ ಒಂದು ಆಲ್ಬಂ ಮಾಡ್ತಿದ್ದೀನಿ."

"ತಲೆ ನೆಟ್ಟಗಿದೆಯಾ? ಅಪ್ಪ ಮಲಗಿದ್ದಾರೆ."

"ಅದಕ್ಕೇ ಕೇಳಿದ್ದು" ಅಂದ.

ಅವನ ಉತ್ತರ ನನಗೆ ಆಮೇಲೆ ಅರ್ಥವಾಯಿತು. ಮೂರು ಪದರ ಮಕಮಲ್ಲಿನ ಹಿಂದೆ ಕುಳಿತು, ಮೈಕನ್ನು ಕಂಬಿಗೆ ತೂಗುಹಾಕಿ, ನಾವು ಮನೆಯಲ್ಲಿ ಹೇಗೆ ಮಾತಾಡುತ್ತೇವೋ ಹಾಗೇ ಅವನು ಹೇಳತೊಡಗಿದ. ಕೂಗಿಲ್ಲ, ಅಬ್ಬರವಿಲ್ಲ. ಪದಗಳು ಮಾತ್ರ ಅದೇ ಓಟದಲ್ಲಿ, ಆದರೆ ಬರಿಗಾಲಲ್ಲಿ ಓಡುತ್ತಿದ್ದವು.

*ಅಪ್ಪ ಮಲಗಿದ್ದಾರೆ, ಮೆಟ್ಟಿಲಿಗೂ ಗೊತ್ತು, ಬಾಗಿಲಿಗೂ ಗೊತ್ತು,*
*ದಿಂಬು ಕಚ್ಚಿ ನಕ್ಕ ನಗು ದಿಂಬಿನೊಳಗೇ ಇತ್ತು.*

ಆ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ಕಣ್ಣಿಗೆ ಮಂಪರು ಕವಿಯುತ್ತದೆ. ಬಿಸಿಲು ಪರದೆಗಳನ್ನು ದಾಟಿ ಬರುವಾಗ ಒಂದೊಂದರ ಬಣ್ಣ ಹೊತ್ತು ಬರುತ್ತಿತ್ತು. ನೆಲದ ಮೇಲೆ ಹಸಿರು, ನನ್ನ ಮಡಿಲಲ್ಲಿ ಕೆಂಪು, ಗೋಡೆಯ ಮೇಲೆ ಹೆಸರಿಲ್ಲದ ಇನ್ನೊಂದು. ಒಳಕೋಣೆಯಿಂದ ಅಪ್ಪನ ಅಂಗಿಯ ಬ್ರೆಡ್ ವಾಸನೆ ಮೆಲ್ಲಗೆ ಬರುತ್ತಿತ್ತು. ಯಂತ್ರದ ಸದ್ದು ಮೈಕಿಗೆ ಬೀಳಬಾರದೆಂದು ನಾನು ಅದನ್ನು ನಿಲ್ಲಿಸಿ ಪರದೆಯ ಅಂಚನ್ನು ಕೈಯಲ್ಲೇ ಹೊಲಿಯುತ್ತಿದ್ದೆ. ಹೊಲಿಯುತ್ತ ಹೊಲಿಯುತ್ತ ಎಷ್ಟೋ ಸಲ ಸೂಜಿ ಬೆರಳಲ್ಲಿರುವಾಗಲೇ ತೂಕಡಿಸುತ್ತಿದ್ದೆ. ಆ ಅರೆನಿದ್ದೆಯಲ್ಲಿ ಅಮ್ಮ ತಟ್ಟೆಯ ಕೆಳಗೆ ಬಟ್ಟೆ ಹಾಸುತ್ತಿದ್ದಳು, ತಮ್ಮ ಚಿಕ್ಕವನಾಗಿದ್ದ, ಎಲ್ಲೋ ಯಾರೋ ಬ್ರೆಡ್ಡಿನ ತಳ ತಟ್ಟುತ್ತಿದ್ದರು. ಎಚ್ಚರವಾದಾಗ ಹಾಡು ಮುಗಿದಿರುತ್ತಿತ್ತು.

ಧ್ವನಿ ಜೋಡಿಸುವವನು ಒಂದೇ ಒಂದು ಪ್ರಶ್ನೆ ಕೇಳಿದನಂತೆ. "ಹಿಂದೆ ಸಣ್ಣಗೆ ಟೊಕ್ ಟೊಕ್ ಅಂತಿದೆ, ತೆಗೀಲಾ?" ತಮ್ಮ, "ಅದು ಅಕ್ಕನ ಹೊಲಿಗೆ ಮಿಷನ್ನು, ಇರಲಿ" ಅಂದನಂತೆ. ಇದನ್ನು ಅವನು ಆಗ ನನಗೆ ಹೇಳಲಿಲ್ಲ. ಹೇಳಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಆಲ್ಬಂ ಹೊರಬಂತು. ಹೆಸರು 'ಅಪ್ಪ ಮಲಗಿದ್ದಾರೆ'.

ಹಳೆಯ ಅಭಿಮಾನಿಗಳು ಕೆಂಡವಾದರು. "ಫೋನ್ ಕೆಟ್ಟಿದೆ ಅಂತ ರಿಪೇರಿಗೆ ಕೊಟ್ಟೆ, ಕೆಟ್ಟಿರೋದು ಸಿಡಿಲು" ಎಂದು ಒಬ್ಬ ಬರೆದ. ಇನ್ನೊಬ್ಬ, "ಠುಸ್ ಪಟಾಕಿ" ಅಂದ. ಮಧ್ಯಾಹ್ನದ ರೇಡಿಯೋದವನು ಒಂದು ಹಾಡು ಹಾಕಿದರೆ, ನಿಲಯವೇ ಬಂದ್ ಆಯಿತೇನೋ ಎಂದು ಜನ ಫೋನ್ ಮಾಡಿದರಂತೆ. ಪತ್ರಿಕೆಯ ವಿಮರ್ಶಕರೊಬ್ಬರು, ತಾವು ಎರಡು ಬಾರಿ ಕೇಳಲು ಕುಳಿತು ಎರಡು ಬಾರಿಯೂ ನಿದ್ದೆಹೋದುದಾಗಿ ಬಹಳ ಪ್ರಾಮಾಣಿಕವಾಗಿ ಬರೆದರು. ನನಗೆ ಸಿಟ್ಟು ನೆತ್ತಿಗೇರಿತು. ಕೂಗಿದರೆ ಮಾತ್ರ ಹಾಡೇ? ತುಂಬಿದ ಕೊಡ ತುಳುಕುವುದಿಲ್ಲ ಎಂದು ಶಾಲೆಯಲ್ಲಿ ಬರೆಸುತ್ತಾರೆ, ತುಳುಕದ ಕೊಡ ಎದುರಿಗೆ ಬಂದರೆ ಖಾಲಿ ಅನ್ನುತ್ತಾರೆ.

ಆಮೇಲೆ ನಿಧಾನವಾಗಿ ಬೇರೆ ಜನ ಬಂದರು. ರಾತ್ರಿ ಪಾಳಿಯ ನರ್ಸ್ ಒಬ್ಬಳ ಮಗಳು ಬರೆದಳು: "ನಮ್ಮನೇಲಿ ಅಮ್ಮ ಮಲಗಿರ್ತಾರೆ." ಹಗಲು ಮಲಗುವ ಟ್ಯಾಕ್ಸಿ ಚಾಲಕನ ಹೆಂಡತಿ, ಕಾವಲುಗಾರನ ಅಣ್ಣ, ಹಸುಗೂಸಿನ ತಾಯಿ, ವರ್ಷಗಟ್ಟಲೆ ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳುವ ಮೊಮ್ಮಗ, ಹೀಗೆ ಒಬ್ಬೊಬ್ಬರಾಗಿ. ಪಕ್ಕದ ಕೋಣೆಯಲ್ಲಿ ಯಾರೋ ಮಲಗಿರುವ ಮನೆಗಳು ಊರಲ್ಲಿ ಇಷ್ಟೊಂದು ಇವೆಯೆಂದು ನಮಗೆ ಗೊತ್ತೇ ಇರಲಿಲ್ಲ. ಅವರೆಲ್ಲ ದನಿಯನ್ನು ಇನ್ನೂ ತಗ್ಗಿಸಿಕೊಂಡು ಕೇಳುತ್ತಿದ್ದರಂತೆ.

ಒಂದು ಸಂಜೆ ಚಿಕ್ಕ ಸಭಾಂಗಣದಲ್ಲಿ ಅವನ ಕಾರ್ಯಕ್ರಮವಾಯಿತು. ಪರದೆಗಳು ನನ್ನವೇ. ಬಂದವರು ಯಾರೂ ಹೇಳದೆಯೇ ಚಪ್ಪಲಿಗಳನ್ನು ಹೊರಗೆ ಬಿಟ್ಟರು. ಚಪ್ಪಾಳೆಯ ಬದಲು ಕೈಯೆತ್ತಿ ಬೆರಳು ಆಡಿಸಿದರು, ಅಷ್ಟು ಕೈಗಳು ಕತ್ತಲಲ್ಲಿ ನೀರೊಳಗಿನ ಹುಲ್ಲಿನಂತೆ ಆಡುತ್ತಿದ್ದವು. ನನ್ನ ಪಕ್ಕದವರು ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು, ಅವರನ್ನು ಯಾರೂ ಎಬ್ಬಿಸಲಿಲ್ಲ. ನನ್ನ ತಮ್ಮ ಅಷ್ಟು ಜನರನ್ನು ಒಂದೇ ಕನಸಿನೊಳಗೆ ಕೂರಿಸಿದ್ದ.

ಆದರೆ ಅವನ ಕಣ್ಣು ಬಾಗಿಲ ಕಡೆಗಿತ್ತು. ಅಪ್ಪ ಬಂದಿರಲಿಲ್ಲ. ಆಲ್ಬಂ ಬಂದ ದಿನ ಅವನು ಒಂದು ಪೆಟ್ಟಿಗೆಯಲ್ಲಿ ಒಳ್ಳೆಯ ಹೆಡ್‌ಫೋನ್ ತಂದು, "ಅಪ್ಪಾ, ಪುರುಸೊತ್ತಾದಾಗ ಕೇಳಿ" ಎಂದು ಕೊಟ್ಟಿದ್ದ. ಅಪ್ಪ ಪೆಟ್ಟಿಗೆಯನ್ನು ಒಮ್ಮೆ ತಟ್ಟಿ ನೋಡಿ, "ಆಗಲಿ" ಎಂದು ಬೀರುವಿನ ಮೇಲಿಟ್ಟರು. ಅದರ ಮೇಲಿನ ಪ್ಲಾಸ್ಟಿಕ್ ಹಾಳೆ ಇನ್ನೂ ಹಾಗೇ ಇತ್ತು. ತಮ್ಮ ದಿನಾ ಆ ಬೀರುವಿನ ಮುಂದೆ ಹಾದುಹೋಗುವಾಗ ತಲೆಯೆತ್ತಿ ನೋಡುತ್ತಿದ್ದ, ನೋಡದವನಂತೆ ಹೋಗುತ್ತಿದ್ದ.

ಹೀಗಿರುವಾಗ ಗುಡುಗು ಬಂದ. ಮನೆಯೊಳಗೆ ಅವನು ಪಿಸುಗುಟ್ಟಲು ಪಡುವ ಪಾಡು ನೋಡಬೇಕು, ಆನೆಗೆ ಸೂಜಿಯಲ್ಲಿ ದಾರ ಪೋಣಿಸಲು ಹೇಳಿದ ಹಾಗೆ.

"ಬಂದುಬಿಡೋ. ದೊಡ್ಡ ಮೈದಾನ ಸಿಕ್ಕಿದೆ. ನೀನಿಲ್ದೆ ನಾನು ಬರೀ ಸದ್ದು ಕಣೋ. ಸಂಜೆಯೊಳಗೆ ಹೇಳು."

ಅವನು ಹೋದಮೇಲೆ ತಮ್ಮ ಕಂಬಿಗೆ ಕಟ್ಟಿದ್ದ ಮೈಕ್ ಬಿಚ್ಚತೊಡಗಿದ.

"ಏನೋ ಇದು? ಅಷ್ಟು ಜನ ಕೇಳ್ತಿದ್ದಾರಲ್ಲ!"

"ಯಾರಿಗೆ ಅಂತ ಮಾಡಿದ್ನೋ ಅವರು ಕೇಳ್ಲಿಲ್ವಲ್ಲ ಅಕ್ಕಾ. ಜೋರಾಗಿ ಹೇಳಿದ್ರೆ ಪ್ಲಗ್ ಕಿತ್ರು. ಮೆಲ್ಲಗೆ ಹೇಳಿದ್ರೆ ಬೀರು ಮೇಲಿಟ್ರು. ಹೋಗ್ಲಿ ಬಿಡು. ಕೂಗಿದ್ರೆ ಗಂಟಲಾದ್ರೂ ನೋಯುತ್ತೆ, ಇದರಲ್ಲಿ ಬೇರೆಲ್ಲೋ ನೋಯುತ್ತೆ."

ಅಪ್ಪನನ್ನು ಎಬ್ಬಿಸಿ ಕೂರಿಸಿ ಕಿವಿಗೆ ಹೆಡ್‌ಫೋನ್ ತುರುಕಿಬಿಡೋಣವೆನ್ನಿಸಿತು. ಅಷ್ಟರಲ್ಲಿ ಅವನ ಫೋನ್ ಮಿನುಗಿತು. ಯಾರೋ ಡ್ರಮ್ ಬಾರಿಸುವವಳು ಬರೆದಿದ್ದಳು. ಅವನು ಮನಸ್ಸಿಲ್ಲದೆ ಓದಿದ:

"ಕೊನೆ ಹಾಡಲ್ಲಿ ಆ ಟೊಕ್ ಟೊಕ್ ಬಾರಿಸಿದ್ದು ಯಾರು? 'ಮೆಲ್ಲಗೆ ದೊಡ್ಡವರಾದೆವು' ಅನ್ನೋ ಕಡೆ ಕೈ ನಿಲ್ಲಿಸ್ತಾರಲ್ಲ, ಆಮೇಲೆ ಎಷ್ಟೋ ಹೊತ್ತು ಬಾರಿಸೋದೇ ಇಲ್ಲ. ನಾನು ಪ್ರತಿ ಸಲ ಅಲ್ಲೇ ಅಳ್ತೀನಿ."

ತಮ್ಮ ನನ್ನ ಕಡೆ ತಿರುಗಿ, "ನೀನೇ ತಾನೆ? ಯಾಕೆ ಅಲ್ಲಿ ನಿಲ್ಲಿಸಿದೆ?" ಅಂದ.

"ಏನನ್ನ?"

"ಮಿಷನ್ನು."

"ನೀನು ಹೇಳುವಾಗ ನಾನು ಮಿಷನ್ ಯಾವತ್ತೋ ಮುಟ್ಟಿದ್ದು? ಕೈಯಲ್ಲೇ ಹೊಲೀತಿದ್ದೆ. ನೋಡು ಬೆರಳು."

ಇಬ್ಬರೂ ಒಟ್ಟಿಗೆ ಒಳಕೋಣೆಯ ಗೋಡೆಯ ಕಡೆ ನೋಡಿದೆವು. ಗೋಡೆಗೂ ಕಿವಿ ಇರುತ್ತೆ ಅನ್ನುತ್ತಾರೆ. ನಮ್ಮನೆ ಗೋಡೆಗೆ ಕೈಯೂ ಇದ್ದಂತಿತ್ತು.

ನಾನು ಹುಬ್ಬಿನಲ್ಲೇ ಅವನಿಗೆ ಹೇಳಿದೆ, ಹೋಗಿ ಕೂತ್ಕೋ, ಹೇಳು. ಅವನು ಮೈಕಿಲ್ಲದೆಯೇ ಮಕಮಲ್ಲಿನ ಹಿಂದೆ ಹೋಗಿ ಕುಳಿತ. ನಾನು ಒಳಕೋಣೆಯ ಬಾಗಿಲನ್ನು ಮೇಲಕ್ಕೆತ್ತಿ, ಕೂದಲೆಳೆಯಷ್ಟು ತೆರೆದು ಇಣುಕಿದೆ. ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದರು. ಹೊದಿಕೆ ಉಸಿರಿಗೆ ತಕ್ಕಂತೆ ಏಳುತ್ತಿತ್ತು, ಇಳಿಯುತ್ತಿತ್ತು. ಪರದೆಗಳಾಚೆಯಿಂದ ತಮ್ಮನ ದನಿ ಬಂತು.

ಮಂಚದ ಕಬ್ಬಿಣದ ಸರಳಿನ ಮೇಲೆ ಅಪ್ಪನ ಬೆರಳಗೆಣ್ಣು ಎದ್ದಿತು. ಟೊಕ್. ಮತ್ತೆ ಟೊಕ್. ಹೊದಿಕೆಯೊಳಗೆ ಏನೂ ಅಲುಗಲಿಲ್ಲ, ಆ ಒಂದು ಕೈ ಮಾತ್ರ ಹಾಡಿನ ಜೊತೆ ಹೆಜ್ಜೆ ಹಾಕಿಕೊಂಡು ನಡೆಯಿತು. ಎಷ್ಟು ವರ್ಷ ಈ ಮನುಷ್ಯ ಹೀಗೆ ಮಲಗಿದ್ದರು? ನಮ್ಮ ದಿಂಬಿನ ನಗು, ನನ್ನ ಬಿಕ್ಕು, ಅಮ್ಮ ಇಲ್ಲದ ಮೊದಲ ದಿನಗಳಲ್ಲಿ ನಾವಿಬ್ಬರೂ ಪಿಸುಗುಟ್ಟಿದ್ದು ಎಲ್ಲ ಕೇಳಿಸಿತ್ತೇ?

*ಅಪ್ಪ ಮಲಗಿದ್ದಾರೆ, ನಾವು ಮೆಲ್ಲಗೆ ದೊಡ್ಡವರಾದೆವು,*
*ಎದ್ದಾಗ ಗುರುತು ಸಿಗಲೆಂದು ಹಳೆ ಅಂಗಿಯಲ್ಲೇ ಕಾದೆವು.*

ಕೈ ನಿಂತಿತು. ಸರಳನ್ನು ಹಿಡಿದುಕೊಂಡಿತು.

ನಾನು ತಮ್ಮನನ್ನು ಕರೆಯಲಿಲ್ಲ. ಪರದೆ ಸರಿಸಿದ ಅವನು ನಾನು ಕಣ್ಣೊರೆಸುವ ರಭಸ ನೋಡಿಯೇ ಎದ್ದು ಬಂದ, ನನ್ನ ಹೆಗಲ ಮೇಲಿಂದ ಇಣುಕಿದ, ಆ ಕೈ ನೋಡಿದ. ಸದ್ದಿಲ್ಲದೆ ಒಳಗೆ ಹೋಗಿ ಮಂಚದ ಪಕ್ಕ ನೆಲದ ಮೇಲೆ ಕುಳಿತ.

"ಅಪ್ಪಾ."

ಅಪ್ಪ ತಿರುಗಲಿಲ್ಲ.

"ಹೆಡ್‌ಫೋನ್ ಯಾಕೆ ಹಾಕ್ಕೊಳ್ಲಿಲ್ಲ?"

"ಅದು ಹಾಕ್ಕೊಂಡ್ರೆ ಮನೆ ಕೇಳಿಸಲ್ಲ" ಅಂದರು ಅಪ್ಪ, ಗೋಡೆಗೆ.

ತಮ್ಮ ಮಂಚದ ಹತ್ತಿರಕ್ಕೆ ಸರಿದ. "ಮತ್ತೆ ಅವತ್ತು ಪ್ಲಗ್ ಯಾಕೆ ಕಿತ್ರಿ?"

"ನಿದ್ದೆ ಬಂದಿತ್ತು ಕಣೋ."

ನನಗೆ ನಗು ಒತ್ತರಿಸಿಕೊಂಡು ಬಂತು. ದಿಂಬು ದೂರವಿತ್ತು, ಸೆರಗನ್ನೇ ಬಾಯಿಗೆ ಒತ್ತಿಕೊಂಡೆ. ತಮ್ಮ ಅಳುತ್ತಿದ್ದನೋ ನಗುತ್ತಿದ್ದನೋ ಅವನಿಗೇ ಗೊತ್ತಿರಲಿಲ್ಲ. ಮೂಗೊರೆಸಿಕೊಂಡು, "ಹಾಗಾದ್ರೆ ಇಷ್ಟು ವರ್ಷ ಎಚ್ಚರ ಇದ್ರಾ?" ಎಂದು ಕೇಳಿದ.

ಅಪ್ಪನ ಕೈ ಸರಳನ್ನು ಬಿಟ್ಟು ಹಿಂದಕ್ಕೆ ತಡಕಾಡಿತು. ತಮ್ಮನ ತಲೆ ಸಿಕ್ಕಿತು. ಗೆಣ್ಣಿನಿಂದ ಒಮ್ಮೆ ತಟ್ಟಿ, ಸ್ವಲ್ಪ ಹೊತ್ತು ಕಿವಿಗೊಟ್ಟರು.

"ಎದ್ದಿದ್ದೀನಿ ಅಂದ್ರೆ ನೀವು ಸುಮ್ಮನಾಗಿಬಿಡ್ತೀರಿ" ಅಂದರು. "ನಾನು ಮಲಗಿದ್ದೀನಿ. ನೀನು ಹೇಳು."