ಬೊಗಸೆ ಮಜ್ಜಿಗೆ

ಧರ್ಮಣ್ಣನಿಗೆ ಹೇಸಿಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ವಾಡಿ ಜಂಕ್ಷನ್ನಿನಲ್ಲಿ ಮೂವತ್ತೆಂಟು ವರ್ಷ ಗ್ಯಾಂಗಮನ್ ಆಗಿ ಹಳಿಗುಂಟ ನಡೆದವನು, ರೈಲುಗಳು ಉದುರಿಸಿ ಹೋದ ಎಲ್ಲ ಹೊಲಸನ್ನೂ ದಾಟಿದವನು. ಅದಕ್ಕೇ ಇರಬೇಕು, ಹೊರಗಿನ ಊಟವೆಂದರೆ ಮುಖ ಕಿವುಚುತ್ತಿದ್ದ. ಹೆಂಡತಿ ಯಂಕಮ್ಮ ಬಡಿದ ರೊಟ್ಟಿ ಬಿಟ್ಟರೆ ಬೇರೆಯವರ ಕೈಯಡುಗೆ ಅವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಂಥವನು ಇವತ್ತು ಹೈದರಾಬಾದಿನಲ್ಲಿ ಬೆಳಗಿನಿಂದ ಹೋಟೆಲು ಹತ್ತಿ ಇಳಿಯುತ್ತಿದ್ದ.

ಎಲ್ಲ ಮಗಳು ಮೈತ್ರಿಗಾಗಿ. ಅವಳು ಕಲಬುರಗಿಯಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ಎರಡು ವರ್ಷ ಅರ್ಜಿ ಹಾಕಿ ಹಾಕಿ ಸೋತು, ಕೊನೆಗೆ ಇಲ್ಲಿಯ ಒಂದು ದೊಡ್ಡ ರೆಸ್ಟೋರೆಂಟಿಗೆ ಆಯ್ಕೆಯಾಗಿದ್ದಳು. ನೌಕರಿಯ ಕಾಗದ ಸಂಜೆ ಕೈಗೆ ಸಿಗುವುದಿತ್ತು. ಮನೆಯವರನ್ನೂ ಊಟಕ್ಕೆ ಕರೆತರಲು ಹೇಳಿದ್ದರು. ಅಲ್ಲಿ ಹೋಗಿ ಮಾರಿ ಸೊಟ್ಟ ಮಾಡಿ ಹುಡುಗಿಯ ಅನ್ನಕ್ಕೆ ಕಲ್ಲು ಹಾಕಬೇಡ ಎಂದು ಯಂಕಮ್ಮ ಗಂಡನಿಗೆ ತಾಕೀತು ಮಾಡಿ ಕಳಿಸಿದ್ದಳು. ಧರ್ಮಣ್ಣ ಆಯಿತು ಎಂದಿದ್ದ. ಆದರೆ ಮಾರಿ ಅವನ ಮಾತು ಕೇಳಬೇಕಲ್ಲ.

ಬೆಳಿಗ್ಗೆ ರೈಲಿಳಿದವರೇ ಸ್ಟೇಷನ್ನಿನ ಎದುರಿನ ಇರಾನಿ ಹೋಟೆಲಿಗೆ ಹೋದರು. ಚಹಾ ಚೆನ್ನಾಗಿಯೇ ಇತ್ತು. ಆದರೆ ಚಹಾ ತಂದವನು ಹೆಗಲ ಮೇಲಿನ ಅರಿವೆಯಿಂದ ಮೊದಲು ಟೇಬಲ್ಲು ಒರೆಸಿದ, ಆಮೇಲೆ ಬಸಿ ಒರೆಸಿದ, ಆಮೇಲೆ ತನ್ನ ಕುತ್ತಿಗೆಯ ಬೆವರು ಒರೆಸಿಕೊಂಡ. ಧರ್ಮಣ್ಣನ ಕಣ್ಣು ಆ ಅರಿವೆಯ ಬೆನ್ನು ಹತ್ತಿ ಹೋಟೆಲೆಲ್ಲ ತಿರುಗಿತು. ಚಹಾ ಆರಿ ಕೆನೆಗಟ್ಟಿತು. ಯಾಕೆ ಕುಡಿಯಲಿಲ್ಲವೆಂದು ಮಗಳು ಕೇಳಿದ್ದಕ್ಕೆ, "ಆ ಅರಿವಿ ಇನ್ನೂ ಏನೇನು ಒರಸ್ತದೋ ನೋಡ್ಲಿಕತ್ತೀನವ್ವ" ಎಂದ.

ಮಧ್ಯಾಹ್ನ ಮೈತ್ರಿ ಅವನನ್ನು ಮಾಲ್ ಒಂದರ ಮೇಲಂತಸ್ತಿಗೆ ಕರೆದೊಯ್ದಳು. ಅಲ್ಲಿ ಹತ್ತು ದೇಶದ ಊಟ ಒಂದೇ ಸೂರಿನಡಿ ನಾರುತ್ತಿತ್ತು. ಮೊಮೊ ಎಂದು ಏನನ್ನೋ ತಂದಿಟ್ಟಳು, ದಿನವೆಲ್ಲ ನೀರಲ್ಲಿ ನೆನೆದ ಬೆರಳಿನ ಹಾಗೆ ಬೆಳ್ಳಗೆ ಸುಕ್ಕುಗಟ್ಟಿದ್ದವು. ಅದನ್ನಾದರೂ ನುಂಗಬಹುದಿತ್ತು. ನುಂಗಲಾರದ್ದು ಪಕ್ಕದ ಟೇಬಲ್ಲಿನದು. ನಾಲ್ಕು ಜನ ಅರ್ಧರ್ಧ ತಿಂದು ಎದ್ದರು. ತಟ್ಟೆ ಎತ್ತಲು ಬಂದವಳೊಬ್ಬಳು ಬಿರಿಯಾನಿ, ನೂಡಲ್ಸು, ಕೇಕು ಎಲ್ಲವನ್ನೂ ಒಂದೇ ಬಕೀಟಿಗೆ ಕೆರೆದು ಸುರಿದಳು. ಆ ಬಕೀಟಿನಲ್ಲಿ ಕೆಂಪು ಎಣ್ಣೆಯ ಮೇಲೆ ಬಿಳಿ ಕ್ರೀಮು ತೇಲಿತು. ಧರ್ಮಣ್ಣ ತನ್ನ ಮುಂದಿನ ತಟ್ಟೆಯನ್ನು ದೂರ ದೂಡಿದ. ಬಾಯಿ ಬದಲಾಗಲೆಂದು ಮಗಳು ಕೊಡಿಸಿದ ತಿಂಡಿಯಿಂದ, ಅದನ್ನು ತಿಂದವರ ಬಾಯಿಂದಲೂ, ತಣ್ಣನೆ ಹೊಗೆ ಏಳುತ್ತಿತ್ತು. ಬಾಯಲ್ಲಿ ಹೊಗೆ ಬಿಡುವುದಕ್ಕೆ ಬೀಡಿ ಸಾಲದೇ ಎಂದು ಅದನ್ನೂ ಅತ್ತ ಸರಿಸಿದ. ಮೈತ್ರಿ ನಕ್ಕಳು, ಆದರೆ ಸಂಜೆಯ ಬಗ್ಗೆ ಅವಳಿಗೆ ಅಂಜಿಕೆ ಹತ್ತಿತ್ತು. ಅಪ್ಪ ಒಪ್ಪದ ಕಡೆ ಒಬ್ಬಳೇ ಉಳಿಯುವ ಧೈರ್ಯ ಅವಳಿಗಿರಲಿಲ್ಲ.

ರೆಸ್ಟೋರೆಂಟಿನ ಹೆಸರು 'ಪಾತ ಊರು'. ತೆಲುಗಿನಲ್ಲಿ ಹಳೆಯ ಊರು ಎಂದರ್ಥ. ಏಸಿಯ ತಂಪಿನಲ್ಲಿ ಮಣ್ಣಿನ ಬಣ್ಣ ಬಳಿದ ಗೋಡೆ, ನಡುವೆ ಒಂದು ಎತ್ತಿನ ಬಂಡಿ, ಹೆಗಲ ಮೇಲೆ ಕಂಬಳಿ ಹೊತ್ತು ಓಡಾಡುವ ವೇಟರುಗಳು. ತಾನು ತಪ್ಪಿಸಿಕೊಂಡು ಬಂದ ಊರನ್ನೇ ಇವರು ಇಷ್ಟು ಖರ್ಚು ಮಾಡಿ ಕಟ್ಟಿದ್ದಾರಲ್ಲ ಎಂದು ಧರ್ಮಣ್ಣನಿಗೆ ನಗು ಬಂತು. ಆದರೂ ರೂಢಿಯಂತೆ ಮೂಲೆ ಮೂಲೆ ಇಣುಕಿದ. ನೆಲ ಸ್ವಚ್ಛವಿತ್ತು. ತಟ್ಟೆ ಮೂಸಿದ, ವಾಸನೆ ಇರಲಿಲ್ಲ. ಮ್ಯಾನೇಜರ್ ಪ್ರೀತಿ ಎಂಬಾಕೆ ಬಾಗಿಲಿಗೇ ಬಂದು ಕೈಮುಗಿದು ಅವನಿಗೂ ತಿಳಿಯುವ ತೆಲುಗಿನಲ್ಲಿ ಮಾತಾಡಿಸಿದಳು. ಮಗಳನ್ನು ಇಲ್ಲಿ ಬಿಡಬಹುದು ಎಂದು ಅವನ ಮನಸ್ಸು ಆ ದಿನ ಮೊದಲ ಸಲ ಒಪ್ಪಿತು.

ಅಷ್ಟರಲ್ಲಿ ಗಿರಾಕಿಗಳು ಬಂದರು. ಹೊಸ್ತಿಲಾಚೆ ಅವರನ್ನು ನಿಲ್ಲಿಸಿ, ಬಾಗಿಲ ಕಟ್ಟೆಯ ಮೇಲೆ ನಿಂತ ಅಲ್ಲಿಯ ಹುಡುಗಿಯೊಬ್ಬಳು ಹಿತ್ತಾಳೆ ಚರಗಿಯಿಂದ ಮಜ್ಜಿಗೆ ಸುರಿದಳು, ಮೇಲಿನಿಂದ. ಅವರು ಬೊಗಸೆಯೊಡ್ಡಿ ಕುಡಿದರು. ಮಜ್ಜಿಗೆ ಮೊಳಕೈಗುಂಟ ಇಳಿದು ಅಂಗಿ ತೋಯಿಸಿತು, ಎಲ್ಲರೂ ಕಿಲಕಿಲ ನಕ್ಕು ಫೋಟೊ ತೆಗೆಸಿಕೊಂಡರು. ಇದು ಹಳ್ಳಿಯ ಸ್ವಾಗತ, ನಾಳೆಯಿಂದ ಮೈತ್ರಿಯೇ ಇದನ್ನು ನೋಡಿಕೊಳ್ಳಬೇಕು ಎಂದಳು ಪ್ರೀತಿ. ಇವತ್ತು ಮೊದಲು ಅಪ್ಪನಿಗೇ ಹಾಕಲಿ, ಆ ಫೋಟೊ ಗೋಡೆಗೆ ಹಾಕೋಣ ಎಂದೂ ಅಂದಳು.

ಮೈತ್ರಿ ಹಿಗ್ಗಿನಿಂದ ಚರಗಿ ಎತ್ತಿಕೊಂಡು ಕಟ್ಟೆ ಹತ್ತಿದಳು. ಬೇಡವೆನ್ನಲು ಬಾಯಿ ತೆರೆದ ಧರ್ಮಣ್ಣ ಹೆಂಡತಿಯ ಮಾತು ನೆನೆದು ಮುಚ್ಚಿಕೊಂಡ. ಉಳಿದದ್ದನ್ನು ಅವನ ಮೈಯೇ ಮಾಡಿತು. ಮೊಣಕಾಲು ಮಡಚಿಕೊಂಡಿತು, ಕುತ್ತಿಗೆ ಕುಗ್ಗಿತು, ಕೈಗಳು ಗದ್ದಕ್ಕೆ ಹತ್ತಿ ಬೊಗಸೆಯಾದವು. ಮಜ್ಜಿಗೆ ಬಿತ್ತು. ಉಸಿರು ಬಿಡದೆ ಗಟಗಟ ಕುಡಿದ. ಒಂದು ಹನಿಯೂ ನೆಲಕ್ಕೆ ಬೀಳಲಿಲ್ಲ.

ಪ್ರೀತಿ ಚಪ್ಪಾಳೆ ತಟ್ಟಿದಳು. ಇಷ್ಟು ಚೆಂದ ಯಾರೂ ಕುಡಿದದ್ದನ್ನು ನೋಡಿಲ್ಲ, ನಮ್ಮ ಹುಡುಗರಿಗೂ ಕಲಿಸಬೇಕು, ಇನ್ನೊಮ್ಮೆ ಕುಡಿಯಿರಿ ವಿಡಿಯೊ ಮಾಡುತ್ತೇನೆ ಎಂದು ಫೋನು ಹಿಡಿದಳು.

"ಅಪ್ಪಾ, ಇದು ಎಲ್ಲಿ ಕಲತಿ?" ಮೈತ್ರಿ ಮೇಲಿನಿಂದ ಕೇಳಿದಳು.

ಗುಂಡಗುರ್ತಿ ಕಡೆಯ ಒಂದು ಹಳ್ಳಿಯಲ್ಲಿ, ರೈಲ್ವೆ ನೌಕರಿ ಸಿಗುವ ತನಕ, ಇಪ್ಪತ್ತು ವರ್ಷ ಮೇಲ್ಜಾತಿಯವರ ಕಟ್ಟೆಯ ಕೆಳಗೆ ಹೀಗೆ ಕುಡಿದಿದ್ದ ಅವನು. ನಡುವೆ ಉಸಿರು ತೆಗೆದರೆ ಹಾಕುವುದು ನಿಲ್ಲುತ್ತಿತ್ತು. ಹನಿ ಸಿಡಿದು ಅವರ ಕಾಲಿಗೆ ಬಿದ್ದರೆ ಬೈಗುಳ. ಬಾಬಾಸಾಹೇಬರು ಕೆರೆಯ ನೀರು ಮುಟ್ಟಿದ ಕಥೆಯನ್ನು ಮಗಳಿಗೆ ನೂರು ಸಲ ಹೇಳಿದ್ದ. ತನ್ನ ಕೈಗಳ ಕಥೆಯನ್ನು ಒಮ್ಮೆಯೂ ಹೇಳಿರಲಿಲ್ಲ, ನಾಚಿಕೆಗೆ. ದಿನವೆಲ್ಲ ಕಂಡ ಹೊಲಸು ಈ ಮಜ್ಜಿಗೆಯ ಮುಂದೆ ಏನೂ ಅಲ್ಲ. ಅವನಿಗೆ ಹೇಸಿಗೆಯಾದದ್ದು ಇವರ ಚರಗಿಯ ಮೇಲಷ್ಟೇ ಅಲ್ಲ. ಮೂವತ್ತೆಂಟು ವರ್ಷವಾದರೂ ಮರೆಯದ ತನ್ನ ಮೊಣಕಾಲಿನ ಮೇಲೆ, ಕುತ್ತಿಗೆಯ ಮೇಲೆ.

"ಕಲೀಲಿಕ್ಕ ಏನದವ್ವ ಇದರಾಗ. ಚರಗಿ ಮುಟ್ಟಲಿಕ್ಕ ಬಿಡ್ತಿದ್ದಿಲ್ಲ. ನನಗೂ, ನಮ್ಮವ್ವಗೂ ಹಿಂಗೇ ಹಾಕ್ತಿದ್ರು."

ಮೈತ್ರಿಯ ಮುಖದ ನಗು ಇಳಿಯಿತು. ಪ್ರೀತಿಗೆ ಕನ್ನಡ ತಿಳಿಯದು, ಫೋನು ಹಿಡಿದು ಕಾಯುತ್ತಲೇ ಇದ್ದಳು. ಧರ್ಮಣ್ಣ ಮತ್ತೆ ಬಗ್ಗಿ ಬೊಗಸೆ ಒಡ್ಡಿದ.

"ಹಾಕವ್ವ. ಅಷ್ಟು ವರ್ಷ ಕುಡದೀನಿ, ಇನ್ನೊಂದ್ಸಲಕ್ಕ ಏನಾಗ್ತದ."

ಮೈತ್ರಿ ಚರಗಿಯನ್ನು ಕಟ್ಟೆಯ ಮೇಲಿಟ್ಟು ಕೆಳಗಿಳಿದಳು. ಮಜ್ಜಿಗೆಯನ್ನು ಲೋಟದಲ್ಲಿ ಕೊಡುವುದಾದರೆ ನಾಳೆಯೇ ಕೆಲಸಕ್ಕೆ ಬರುತ್ತೇನೆ ಎಂದು ಪ್ರೀತಿಗೆ ತೆಲುಗಿನಲ್ಲಿ ಹೇಳಿದಳು, ಯಾಕೆಂಬುದನ್ನೂ ಹೇಳಿದಳು. ಪ್ರೀತಿ ಕೆಟ್ಟವಳಲ್ಲ. ಮುಖ ಸಣ್ಣದಾಯಿತು, ಕ್ಷಮಿಸು ಎಂದಳು. ಆದರೆ ಜನ ಬರುವುದೇ ಇದಕ್ಕಾಗಿ, ಮಾಲೀಕರು ಕೇಳುವುದಿಲ್ಲ, ಕಾಗದ ಒಳಗೆ ಟೇಬಲ್ಲಿನ ಮೇಲಿದೆ, ನೀನೇ ಯೋಚಿಸು ಎಂದಳು. ಮೈತ್ರಿ ಒಳಗಿನ ಟೇಬಲ್ಲಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಅಪ್ಪನ ಹತ್ತಿರ ಬಂದು ಅವನ ಎರಡೂ ಮುಂಗೈ ಹಿಡಿದು ಬೊಗಸೆ ಬಿಡಿಸಿದಳು.

"ಅಪ್ಪಾ, ನೆಟ್ಟಗ ನಿಂದ್ರು."

ಅಲ್ಲಿಯತನಕ ತಾನು ಬಗ್ಗಿಯೇ ನಿಂತಿದ್ದೇನೆಂಬುದು ಧರ್ಮಣ್ಣನಿಗೆ ಗೊತ್ತಿರಲಿಲ್ಲ.